ಸುನ್ ವುಕೊಂಗ್ ಗುಹೆಗೆ ಫೆಂಗ್‌ಶುಯಿ ನೋಡಿದರೆ ಪಾಸಾ, ಫೇಲಾ?

ಕಪಿಚೇಷ್ಟೆ

ವಾಸ್ತು ಬಗ್ಗೆ ಇಲ್ಲಿ ಜಗಳ ಆಡಿ ಎಲ್ಲರಿಗೂ ಸಾಕಾಗಿದೆ. ಇವತ್ತು ಚೀನೀಯರ ವಾಸ್ತು, ಅಂದರೆ ಫೆಂಗ್‌ಶುಯಿ ಹಿಡಿದು ಬೇರೆ ಮನೆ ನೋಡೋಣ. ಸುನ್ ವುಕೊಂಗ್ ಮನೆ. ಹೌದು, ಚೀನಾದ ಕೋತಿರಾಜನೇ.

ಗೊತ್ತಿಲ್ಲದವರಿಗೆ ಎರಡು ಮಾತು. ಶಾಲೆಯಲ್ಲಿ ಇಮ್ಮಡಿ ಪುಲಕೇಶಿ ಪಾಠದಲ್ಲಿ ಹ್ಯೂಯೆನ್‌ತ್ಸಾಂಗ್ ಅಂತ ಚೀನೀ ಯಾತ್ರಿಕ ಬರುತ್ತಾರಲ್ಲ, ಅವರು ಭಾರತಕ್ಕೆ ಬಂದ ಪ್ರಯಾಣವನ್ನೇ ಇಟ್ಟುಕೊಂಡು ಮಿಂಗ್ ಕಾಲದಲ್ಲಿ 'ಪಶ್ಚಿಮ ಯಾತ್ರೆ' ಅಂತ ದೊಡ್ಡ ಕಾದಂಬರಿ ಬಂತು. ಅಚ್ಚಾಗಿದ್ದು 1592ರಲ್ಲಿ. ಅದರಲ್ಲಿ ಯಾತ್ರಿಕರ ಬೆಂಗಾವಲಿಗೆ ಹೋಗುವವನು ಈ ಕೋತಿ. ಅದಕ್ಕೂ ಮುಂಚೆ ಅವನು ಹೂಹಣ್ಣಿನ ಬೆಟ್ಟದ ಮೇಲೆ, ಜಲಪಾತದ ಹಿಂದಿನ ಗುಹೆಯಲ್ಲಿ ಪರಿವಾರ ಕಟ್ಟಿಕೊಂಡು ಹಾಯಾಗಿದ್ದ. ಗುಹೆಯ ಹೆಸರು ನೀರಪರದೆ.

ಅಂಗಡಿಯಲ್ಲಿ ಸಿಗುವ ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಕಪ್ಪೆ, ಗಾಳಿಗಂಟೆ ಎಲ್ಲ ಪಕ್ಕಕ್ಕಿಡಿ. ಹಳೇ ಚೀನೀ ಪದ್ಧತಿಯಲ್ಲಿ ಮೊದಲು ನೋಡುತ್ತಿದ್ದದ್ದು ಬೆಟ್ಟ ಹೇಗೆ ಬಂದಿದೆ, ನೀರು ಹೇಗೆ ಹೋಗುತ್ತಿದೆ ಅನ್ನೋದನ್ನು. ಬೆಟ್ಟದ ಸಾಲೇ ಡ್ರ್ಯಾಗನ್. ಅದರ ಮೈಯಲ್ಲಿ ಚಿ ಹರಿಯುತ್ತದೆ, ಪ್ರಾಣಶಕ್ತಿ ಅನ್ನಿ. ಗುವೊ ಪು (276-324) ಹೆಸರಿನಲ್ಲಿರುವ ಸಮಾಧಿ ಗ್ರಂಥದ ಮೂಲ ಸೂತ್ರ ಇಷ್ಟೇ: ಗಾಳಿಗೆ ಸಿಕ್ಕರೆ ಚಿ ಚದುರುತ್ತದೆ, ನೀರು ಅಡ್ಡ ಬಂದರೆ ನಿಲ್ಲುತ್ತದೆ. ಹಾಗಾಗಿ ಗಾಳಿಯಿಂದ ಮರೆ ಬೇಕು, ಎದುರಿಗೆ ನೀರು ಬೇಕು.

ಈಗ ಗುಹೆ ನೋಡಿ. ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಬೆಟ್ಟದ ವರ್ಣನೆ ಬರುತ್ತದೆ. ಅದು ಹತ್ತು ದ್ವೀಪಗಳ ಮೂಲ ನಾಡಿ, ಮೂರು ದ್ವೀಪಗಳಿಗೆ ಬರುವ ಡ್ರ್ಯಾಗನ್ ಸಾಲು ಅಂತ. ಇದು ಕವಿಯ ಅಲಂಕಾರ ಅಲ್ಲ, ಜಾಗ ನೋಡುವವರ ಬಾಯಲ್ಲಿ ಬರುವ ಮಾತು. ಲೇಖಕ ಬೇಕಂತಲೇ ಸೈಟ್ ರಿಪೋರ್ಟ್ ಬರೆದ ಹಾಗಿದೆ.

ಜಲಪಾತ ದಾಟಿ ಹಾರಿದ ಕೋತಿ ಏನು ನೋಡುತ್ತಾನೆ? ಒಳಗೆ ನೀರಿಲ್ಲ. ಕಬ್ಬಿಣದ ಹಲಗೆಯ ಸೇತುವೆ. ಸೇತುವೆ ಪಕ್ಕ ಹೂವು, ಮರ. ಆಮೇಲೆ ಕಲ್ಲಿನ ಮನೆ. ಕಲ್ಲಿನ ಒಲೆ, ಕಲ್ಲಿನ ಪಾತ್ರೆ, ಕಲ್ಲಿನ ಮಂಚ. ಸರಿಯಾಗಿ ನಡುಮಧ್ಯೆ ಒಂದು ಕಲ್ಲಿನ ಶಾಸನ. ವಾಪಸ್ ಬಂದು ಉಳಿದ ಕೋತಿಗಳಿಗೆ ಹೇಳುತ್ತಾನೆ: ಗಾಳಿ ಬೀಸಿದರೆ ಅವಿತುಕೊಳ್ಳಲು ಜಾಗ ಇದೆ, ಮಳೆ ಬಂದರೆ ಇರಲು ಜಾಗ ಇದೆ, ಹಿಮದ ಭಯ ಇಲ್ಲ, ಗುಡುಗು ಕೇಳಿಸೋದೇ ಇಲ್ಲ.

ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ಗಾಳಿಗೆ ಮರೆ. ಬೀಜಿಂಗ್ ಅರಮನೆಯಲ್ಲಿ ಇದನ್ನು ಕೈಯಾರೆ ಮಾಡಬೇಕಾಯಿತು. ಕಂದಕ ತೋಡಿದ ಮಣ್ಣನ್ನೇ ಹಿಂದೆ ರಾಶಿ ಹಾಕಿ ಜಿಂಗ್‌ಶಾನ್ ಗುಡ್ಡ ಎಬ್ಬಿಸಿದರು. ಮುಂದಿನ ಅಂಗಳದಲ್ಲಿ ನೀರನ್ನು ಬಿಲ್ಲಿನಂತೆ ಬಾಗಿಸಿ ಹರಿಸಿ, ಮೇಲೆ ಐದು ಸೇತುವೆ ಕಟ್ಟಿದರು. ಕೋತಿಗೆ ಇದೆಲ್ಲ ಪುಕ್ಕಟೆ ಸಿಕ್ಕಿತ್ತು. ನನ್ನ ಪ್ರಕಾರ ಡಿಸ್ಟಿಂಕ್ಷನ್ನಲ್ಲೇ ಪಾಸ್. ಬೇರೆ ಅಭಿಪ್ರಾಯ ಇದ್ದರೆ ಬನ್ನಿ.

ಗಾರೆ ಗಣಪ

ಸೈಟ್ ಇಂಜಿನಿಯರ್ ಆಗಿ ಒಂದು ಮಾತು. ಜಲಪಾತದ ಹಿಂದೆ ಮನೆ ಅಂದರೆ ಮೊದಲು ಕೇಳಬೇಕಾದದ್ದು ತೇವ. ವರ್ಷಪೂರ್ತಿ ತುಂತುರು. ಗೋಡೆ ಮೇಲೆ ಪಾಚಿ. ಕಬ್ಬಿಣದ ಸೇತುವೆ ಎಷ್ಟು ದಿನ ಬಾಳುತ್ತೆ? ಇದನ್ನು ಯಾವ ಶಾಸ್ತ್ರ ಪಾಸ್ ಮಾಡುತ್ತೆ ಸ್ವಾಮಿ?

ಸುಮ್ನೆ ಬಂದೆ

ಗಣಪಣ್ಣ, ಮೊದಲು ಕಂಪ್ಲೀಷನ್ ಸರ್ಟಿಫಿಕೇಟ್ ಕೇಳಿ.

ಹಾಂಗ್‌ಕಾಂಗ್ ಅಕ್ಕ

ಗಣಪ ಅವರೇ, ನಿಮ್ಮ ಅನುಮಾನ ಹಳೇ ಫೆಂಗ್‌ಶುಯಿಯಲ್ಲೂ ಇದೆ. ಹಿಂದಿನಿಂದ ನೀರು ಇಳಿದು ತಲೆ ಮೇಲೆ ಸುರಿದರೆ ಅದು ದೊಡ್ಡ ದೋಷ. 'ತಲೆಗೆ ಸುರಿಯುವ ನೀರು' ಅಂತಲೇ ಕರೆಯುತ್ತಾರೆ. ಮನೆಗೆ ಒತ್ತಿಕೊಂಡು ಬುಡ ಕೊಚ್ಚುತ್ತಾ ಹೋಗುವ ನೀರಿಗೆ 'ಕಾಲು ಕತ್ತರಿಸುವ ನೀರು' ಅಂತಾರೆ. ಅದೂ ಕೆಟ್ಟದ್ದು. ಬಿಡದೆ ಕೇಳುವ ಸದ್ದು ಇನ್ನೊಂದು ದೋಷ. ಜಲಪಾತದ ಬಾಗಿಲಲ್ಲಿ ಈ ಮೂರೂ ಬರಬೇಕಿತ್ತು. ಹಾಗಾಗಿ ಕಪಿಚೇಷ್ಟೆಯವರ ಡಿಸ್ಟಿಂಕ್ಷನ್‌ಗೆ ನನ್ನ ತಕರಾರಿದೆ.

ಆದರೆ ಕಾದಂಬರಿ ಇಲ್ಲಿ ಜಾಣತನ ತೋರಿಸಿದೆ. ನೀರು ಮನೆ ಮೇಲೆ ಬೀಳೋದಿಲ್ಲ. ಸೇತುವೆ ಕೆಳಗೆ ಕಲ್ಲಿನ ಸಂದುಗಳಲ್ಲಿ ನುಗ್ಗಿ, ಅಲ್ಲಿಂದ ಹೊರಗೆ ಧುಮುಕಿ ಸೇತುವೆಯ ಬಾಗಿಲನ್ನು ಮರೆಮಾಡುತ್ತದೆ. ಅಂದರೆ ಮನೆ ಇರುವುದು ನೀರಿಗಿಂತ ಮೇಲಿನ ಮಟ್ಟದಲ್ಲಿ, ಹಿಂದಕ್ಕೆ. ನಡುವೆ ಸೇತುವೆ. ಗುಡುಗೂ ಕೇಳಿಸದಷ್ಟು ಒಳಗೆ. ಇನ್ನು ಇದನ್ನು 'ತಲೆಗೆ ಸುರಿಯುವ ನೀರು' ಅನ್ನಲಾಗದು.

ನನಗೆ ನಿಜವಾಗಿ ಕಸಿವಿಸಿ ಆಗೋದು ನೀರು ಹೊರಗೆ ಹೋಗುವ ಜಾಗ. ಫೆಂಗ್‌ಶುಯಿ ನೋಡುವವರು ನೀರು ಬರುವ ದಾರಿಗಿಂತ ಹೋಗುವ ದಾರಿಯನ್ನು ಹೆಚ್ಚು ಹೊತ್ತು ನೋಡುತ್ತಾರೆ. ಅದನ್ನು ನೀರಿನ ಬಾಯಿ ಅಂತಾರೆ. ಅದು ಮುಚ್ಚಿದ ಹಾಗಿರಬೇಕು. ಎದುರುಬದುರು ಎರಡು ಗುಡ್ಡ ಬಾಗಿಲಂತೆ ನಿಂತಿರಬೇಕು, ಇಲ್ಲವೇ ನೀರಿನ ನಡುವೆ ಬಂಡೆ ಇರಬೇಕು, ಏನೂ ಇಲ್ಲದಿದ್ದರೆ ಊರಿನವರೇ ಒಂದು ಗೋಪುರ ಅಥವಾ ಸೇತುವೆ ಕಟ್ಟುತ್ತಾರೆ. ದಕ್ಷಿಣ ಚೀನಾದ ಹಳೇ ಹಳ್ಳಿಗಳಿಗೆ ಹೋದರೆ ಊರ ಹೊಳೆ ತಿರುಗಿ ಮರೆಯಾಗುವ ಜಾಗದಲ್ಲಿ ಇಂಥದ್ದೊಂದು ಕಾಣಿಸುತ್ತದೆ. ನೀರು ಬಳುಕಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಹೋಗಬೇಕು. ಹೂಹಣ್ಣಿನ ಬೆಟ್ಟದಲ್ಲಿ ಏನಾಗಿದೆ? ಜಲಪಾತ ಸಿಕ್ಕ ತಕ್ಷಣ ಕೋತಿಗಳೇ ಕೂಗಿ ಹೇಳುತ್ತವೆ, ಈ ನೀರು ಬೆಟ್ಟದ ಬುಡದವರೆಗೆ ಹೋಗಿ ನೇರ ಸಮುದ್ರದ ಅಲೆಗೆ ಸೇರುತ್ತೆ ಅಂತ. ತಡೆಯೇ ಇಲ್ಲ.

ಕಪಿಚೇಷ್ಟೆ

ಅಕ್ಕಾ, ಆ ತಡೆ ಇಲ್ಲದ ನೀರೇ ಅವನಿಗೆ ಕೈತುಂಬಾ ಕೊಟ್ಟಿತಲ್ವಾ? ಬೆಟ್ಟ ಜನವನ್ನು ಆಳುತ್ತೆ, ನೀರು ಸಂಪತ್ತನ್ನು ಆಳುತ್ತೆ ಅನ್ನೋದು ಫೆಂಗ್‌ಶುಯಿಯವರ ಬಾಯಿಪಾಠ. ಮೂರನೇ ಅಧ್ಯಾಯ ನೋಡಿ. ಕೋತಿಗೆ ಕೈಗೆ ಒಗ್ಗುವ ಆಯುಧ ಸಿಗುತ್ತಿಲ್ಲ. ಆಗ ಮುದಿ ಕೋತಿಗಳು ಹೇಳುತ್ತವೆ, ನಮ್ಮ ಕಬ್ಬಿಣದ ಸೇತುವೆ ಕೆಳಗಿನ ನೀರು ಪೂರ್ವ ಸಮುದ್ರದ ನಾಗರಾಜನ ಅರಮನೆಗೆ ಹೋಗುತ್ತೆ ಅಂತ. ಇವನು ಅಲ್ಲೇ ಧುಮುಕಿ ಹೋಗಿ 13,500 ಜಿನ್ (ಚೀನೀ ತೂಕದ ಅಳತೆ) ಭಾರದ ಆ ಮಾಯಾದಂಡ ತಂದ. ಜೊತೆಗೆ ಕಿರೀಟ, ಕವಚ, ಪಾದರಕ್ಷೆ. ಅವನ ಆಸ್ತಿಯೆಲ್ಲ ಬಂದಿದ್ದು ಈ ನೀರಿನ ದಾರಿಯಲ್ಲೇ.

ಹಾಂಗ್‌ಕಾಂಗ್ ಅಕ್ಕ

ಅದೇ ದಾರಿಯಲ್ಲಿ ಕಂಪ್ಲೇಂಟೂ ಹೋಯಿತು! ನಾಗರಾಜ ಸುಮ್ಮನೆ ಕೂರಲಿಲ್ಲ. ನೇರ ಸ್ವರ್ಗದ ಚಕ್ರವರ್ತಿಗೆ ದೂರು ಕೊಟ್ಟ. ಅಲ್ಲಿಂದ ಶುರುವಾದ ಗಲಾಟೆ ಒಂದು ಲಕ್ಷ ಸೈನಿಕರು ಬೆಟ್ಟವನ್ನು ಮುತ್ತುವವರೆಗೆ ಹೋಯಿತು. ಬೀಗವಿಲ್ಲದ ನೀರಿನ ಬಾಯಿ ಇರುವ ಮನೆಗೆ ಹಳಬರು ಹೇಳುವ ಫಲವೂ ಇದೇ. ಬೇಗ ಬರುತ್ತೆ, ನಿಲ್ಲೋದಿಲ್ಲ.

ಪಂಚಾಂಗ ಪ್ರಿಯ

ಎಲ್ಲರೂ ಬೆಟ್ಟ ನೀರು ಅಂತಲೇ ಇದ್ದೀರಿ. ದಿಕ್ಸೂಚಿ ಪದ್ಧತಿ ಎಲ್ಲಿ ಹೋಯಿತು? ಅದರಲ್ಲಿ ಯಜಮಾನನ ಹುಟ್ಟಿದ ವರ್ಷ ಬೇಕು, ಮನೆ ಕಟ್ಟಿದ ಕಾಲ ಬೇಕು, ಬಾಗಿಲ ದಿಕ್ಕು ಬೇಕು. ಮೊದಲನೆಯದಕ್ಕೆ ಪ್ರಯತ್ನ ಮಾಡಿದೆ.

ಯಮಲೋಕದ ಲೆಕ್ಕದ ಪುಸ್ತಕದಲ್ಲಿ ಅವನ ನಮೂದು 1350ನೇ ನಂಬರು. ಆಯಸ್ಸು 342 ವರ್ಷ, ಸುಖಮರಣ ಅಂತ ಬರೆದಿದೆ. ಅವನನ್ನು ಎಳೆದೊಯ್ದದ್ದು ಆ 342 ತುಂಬಿದಾಗ. ಇನ್ನೊಂದು ತುದಿ: ಸ್ವರ್ಗದಲ್ಲಿ ಗಲಾಟೆ ಮಾಡಿದ್ದಕ್ಕೆ ಬುದ್ಧ ಅವನನ್ನು ಬೆಟ್ಟದಡಿ ಹಾಕಿದ್ದು ವಾಂಗ್ ಮಾಂಗ್ ಹಾನ್ ರಾಜವಂಶದ ಸಿಂಹಾಸನ ಕಸಿದುಕೊಂಡ ಕಾಲದಲ್ಲಿ. ಅಂದರೆ ಕ್ರಿ.ಶ. ಒಂದನೇ ಶತಮಾನದ ಆರಂಭ. ಅಲ್ಲಿಂದ ಹಿಂದಕ್ಕೆ ಎಣಿಸೋಣ ಅಂತ ಹೊರಟರೆ ನಡುವೆ ಸ್ವರ್ಗದ ವಾಸ. ಅಲ್ಲಿನ ಒಂದು ದಿನ ಇಲ್ಲಿನ ಒಂದು ವರ್ಷ. ಕುದುರೆ ಲಾಯದಲ್ಲಿ ಒಂದಿಷ್ಟು ದಿನ, ಪೀಚ್ ತೋಟದಲ್ಲಿ ಒಂದಿಷ್ಟು ದಿನ, ಒಲೆಯಲ್ಲಿ 49 ದಿನ. ಲೆಕ್ಕ ಕೈಗೆ ಸಿಗೋದಿಲ್ಲ.

ಮನೆ ಕಾಲ ಇನ್ನೂ ಮಜಾ. 180 ವರ್ಷದ ಚಕ್ರ, 20 ವರ್ಷದ ಒಂಬತ್ತು ಅವಧಿ. ಈಗ ನಡೆಯುತ್ತಿರುವುದು 2024ರಿಂದ 2043ರವರೆಗಿನ ಒಂಬತ್ತನೇ ಅವಧಿ. ಗುಹೆ 'ಕಟ್ಟಿದ್ದು' ಸೃಷ್ಟಿಯ ಮೊದಲಲ್ಲಿ. ಆದರೆ ದೊಡ್ಡ ರಿಪೇರಿ ಆದ ವರ್ಷವನ್ನೂ ತೆಗೆದುಕೊಳ್ಳುವವರಿದ್ದಾರೆ. ಕಾದಂಬರಿಯಲ್ಲಿ ಯಾತ್ರೆ ಹೊರಟಿದ್ದು ತಾಂಗ್ ದೊರೆಯ ಝೆನ್‌ಗುವಾನ್ 13ನೇ ವರ್ಷ, ಅಂದರೆ 639. ಸ್ವಲ್ಪ ಕಾಲದ ಮೇಲೆ ಗುರು, ಅಂದರೆ ಆ ಯಾತ್ರಿಕರೇ, ಓಡಿಸಿದ್ದರಿಂದ ಇವನು ಮನೆಗೆ ಬಂದು ರಿಪೇರಿ ಮಾಡಿಸಿದ. ಚಕ್ರವನ್ನು ಹಿಂದಕ್ಕೆ ಓಡಿಸಿದರೆ 624ರಿಂದ 643ರವರೆಗೆ ಎರಡನೇ ಅವಧಿ. ಹಾಗಾಗಿ ಇದು ಎರಡನೇ ಅವಧಿಯ ಮನೆ. ಬಾಗಿಲ ದಿಕ್ಕು ಹೇಳಿದರೆ ಪಟ್ಟಿ ಹಾಕಿಕೊಡುತ್ತೇನೆ.

ಸುಮ್ನೆ ಬಂದೆ

ಆ ಪುಸ್ತಕದಲ್ಲಿ ತನ್ನ ಹೆಸರನ್ನು ಅವನೇ ಮಸಿ ಬಳಿದು ಅಳಿಸಿಬಿಟ್ಟ. ಕೋತಿಗಳ ಹೆಸರನ್ನೂ. ಬರ್ತ್ ಸರ್ಟಿಫಿಕೇಟ್ ಇಲ್ಲದವನಿಗೆ ಜಾತಕ ಬರೀತೀರಾ ಸಾರ್?

ಹಾಂಗ್‌ಕಾಂಗ್ ಅಕ್ಕ

ಪಂಚಾಂಗ ಸಾರ್, ಶ್ರಮಕ್ಕೆ ನಮಸ್ಕಾರ. ಆದರೆ ಆ 20 ವರ್ಷದ ನಕ್ಷತ್ರ ಲೆಕ್ಕ ಈಗಿನ ರೂಪದಲ್ಲಿ ಹರಡಿದ್ದು ಮಿಂಗ್ ಆದ ಮೇಲೆ ಬಂದ ಚಿಂಗ್ ಕಾಲದಲ್ಲಿ. ಕಾದಂಬರಿ ಅದಕ್ಕಿಂತ ಹಳೆಯದು. 1592ರ ಓದುಗರ ಕಣ್ಣಿಗೆ ಬೀಳುತ್ತಿದ್ದದ್ದು ಡ್ರ್ಯಾಗನ್ ಸಾಲು, ಅಕ್ಕಪಕ್ಕದ ಗುಡ್ಡ, ನೀರು. ತಾಂಗ್ ಕಾಲದ ಯಾಂಗ್ ಯುನ್‌ಸೊಂಗ್ ಹೆಸರಿನಲ್ಲಿ ಜಿಯಾಂಗ್‌ಶಿ ಕಡೆ ಬೆಳೆದ ಪದ್ಧತಿ ಅದೇ. ಆಕಾರ ನೋಡಿ ಹೇಳುವುದು. ಬೆಟ್ಟ ಹತ್ತಬೇಕು, ಇಳಿಯಬೇಕು, ಮಳೆಯಲ್ಲಿ ಒಂದು ಸಲ ಬಿಸಿಲಲ್ಲಿ ಒಂದು ಸಲ ನೋಡಬೇಕು.

ದಿಕ್ಸೂಚಿಯನ್ನು ಪೂರ್ತಿ ಬಿಡಿ ಅಂತಲ್ಲ. ಇಲ್ಲಿನ ಹಳೇ ಅಂಗಡಿಯೊಂದರಲ್ಲಿ ಲುವೊಪಾನ್ ಅನ್ನೋ ಫೆಂಗ್‌ಶುಯಿ ದಿಕ್ಸೂಚಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಚೌಕ ಹಲಗೆ, ಮೇಲೆ ತಿರುಗುವ ದುಂಡು ತಟ್ಟೆ, ನಡುವೆ ಪುಟ್ಟ ಸೂಜಿ. ಎರಡು ಕೆಂಪು ದಾರ ಅಡ್ಡಡ್ಡ ಹೋಗಿ ಸೂಜಿಯ ಮೇಲೆ ಕೂಡುತ್ತವೆ. ಹಲಗೆಯನ್ನು ಗೋಡೆಗೆ ಸಮ ಹಿಡಿದು, ಸೂಜಿ ತನ್ನ ಕೆಳಗೆ ಬರೆದ ಗೆರೆಯ ಮೇಲೆ ಸರಿಯಾಗಿ ಕೂರುವವರೆಗೆ ತಟ್ಟೆ ತಿರುಗಿಸಿ, ದಾರ ಯಾವ ಅಕ್ಷರದ ಮೇಲೆ ಬಿತ್ತು ಅಂತ ಓದುತ್ತಾರೆ. ವೃತ್ತವನ್ನು 24 ಭಾಗ ಮಾಡಿರುತ್ತಾರೆ, ಒಂದೊಂದು 15 ಡಿಗ್ರಿ. ಅದಕ್ಕೆ 24 ಬೆಟ್ಟ ಅಂತಲೇ ಹೆಸರು.

ಕಪಿಚೇಷ್ಟೆ

ಅಕ್ಕ 24 ಅಂದಿದ್ದು ಒಳ್ಳೇದಾಯಿತು. ಕೋತಿ ಹುಟ್ಟಿದ ಬಂಡೆ ನೋಡಿ. ಎತ್ತರ 36 ಅಡಿ 5 ಅಂಗುಲ, ಆಕಾಶದ 365 ಭಾಗಗಳಿಗೆ ಸರಿಯಾಗಿ. ಸುತ್ತಳತೆ 24 ಅಡಿ, ವರ್ಷದ 24 ಋತುಬಿಂದುಗಳಿಗೆ ಸರಿಯಾಗಿ. ಚೀನೀ ಅಳತೆಯಲ್ಲಿ ಹತ್ತು ಅಂಗುಲಕ್ಕೆ ಒಂದು ಅಡಿ, ಅದಕ್ಕೇ ಲೆಕ್ಕ ಕೂಡುತ್ತೆ. ಬಂಡೆಯಲ್ಲಿ ಒಂಬತ್ತು ರಂಧ್ರ, ಎಂಟು ತೂತು. ಒಂಬತ್ತು ಮನೆ ಮತ್ತು ಎಂಟು ತ್ರಿರೇಖೆಗಳ ಲೆಕ್ಕ. ತ್ರಿರೇಖೆ ಅಂದರೆ ಮೂರು ಗೆರೆಗಳ ಚಿಹ್ನೆ, ದಿಕ್ಕಿಗೊಂದು. ಫೆಂಗ್‌ಶುಯಿ ಪಟದ ಎಲ್ಲ ಸಂಖ್ಯೆಯೂ ಅಲ್ಲಿದೆ.

ಆದರೆ ಇದೂ ಗಮನಿಸಿ. ಆ ಬಂಡೆಗೆ ನಾಲ್ಕೂ ಕಡೆ ನೆರಳು ಕೊಡಲು ಒಂದು ಮರ ಇರಲಿಲ್ಲ ಅಂತ ಬರೆದಿದ್ದಾರೆ. ಬಟ್ಟಬಯಲು. ಗಾಳಿಗೆ ಎದೆಯೊಡ್ಡಿ ನಿಂತ ಜಾಗ. ಹುಟ್ಟಿದ್ದು ಬಯಲಲ್ಲಿ, ಸೇರಿಕೊಂಡದ್ದು ಮರೆಯಲ್ಲಿ.

ಮಾಲ್ಯವಂತ

ನಾನು ಹೊಸಪೇಟೆಯವನು. ಕೋತಿ, ಗುಹೆ, ಬೆಟ್ಟ ಅಂದರೆ ಸುಮ್ಮನಿರೋಕೆ ಆಗಲ್ಲ.

ವುಕೊಂಗ್ ನಮ್ಮ ಹನುಮಂತನಿಂದಲೇ ಬಂದವನು ಅಂತ ಚೀನೀ ವಿದ್ವಾಂಸ ಹು ಶಿ 1923ರಲ್ಲಿ ವಾದ ಮಾಡಿದ್ದರು. ಸಾಹಿತಿ ಲು ಶುನ್ ಒಪ್ಪಲಿಲ್ಲ. ಹುವಾಯ್ ನದಿಯ ಕೋತಿರೂಪದ ಜಲಭೂತವೊಂದರ ಕಡೆ ಬೆರಳು ಮಾಡಿದರು. ಆ ಜಗಳ ಇಲ್ಲಿ ಬೇಡ. ನಾನು ಹೇಳಬೇಕೆಂದಿರುವುದು ಗುಹೆ ಆರಿಸುವ ಬಗ್ಗೆ.

ಕಿಷ್ಕಿಂಧಾ ಕಾಂಡದ 27ನೇ ಸರ್ಗ ತೆಗೆಯಿರಿ. ವಾಲಿ ಸತ್ತಾಗಿದೆ, ಮಳೆಗಾಲ ಶುರು, ನಾಲ್ಕು ತಿಂಗಳು ಯುದ್ಧ ಇಲ್ಲ. ರಾಮ ಲಕ್ಷ್ಮಣರು ಪ್ರಸ್ರವಣ ಗಿರಿಯಲ್ಲಿ ಗುಹೆ ನೋಡುತ್ತಾರೆ. ರಾಮ ಹೇಳುತ್ತಾನೆ: ಈಶಾನ್ಯಕ್ಕೆ ಇಳಿಜಾರಿರುವ ಜಾಗ, ಗುಹೆ ಒಳ್ಳೆಯದಿದೆ, ಹಿಂದುಗಡೆ ಎತ್ತರ, ಹಾಗಾಗಿ ಗಾಳಿ ಹೊಡೆಯಲ್ಲ. ನಮ್ಮ ಕಡೆ ಆ ಜಾಗ ಹಂಪಿ ಹತ್ತಿರದ ಮಾಲ್ಯವಂತ ಬೆಟ್ಟ ಅಂತಲೇ ನಂಬಿಕೆ. ಮೇಲೆ ರಘುನಾಥ ಗುಡಿ ಇದೆ. ಜುಲೈನಲ್ಲಿ ಒಂದು ಸಲ ಬನ್ನಿ. ಪಶ್ಚಿಮದ ಗಾಳಿ ಬಯಲಲ್ಲಿ ನಿಂತವರ ಛತ್ರಿ ಮಗುಚಿ ಹಾಕುತ್ತೆ. ಎರಡು ಬಂಡೆ ಸರಿದು ಪೂರ್ವದ ಮಗ್ಗುಲಿಗೆ ನಿಂತರೆ ಬೀಡಿ ಹಚ್ಚಬಹುದು, ಕಡ್ಡಿ ಆರೋದಿಲ್ಲ.

ಬೆನ್ನಿಗೆ ಎತ್ತರ, ಗಾಳಿಗೆ ಮರೆ. ಗುವೊ ಪು ಹೇಳಿದ್ದೂ ಇದನ್ನೇ ಅಲ್ವಾ?

ಹಾಂಗ್‌ಕಾಂಗ್ ಅಕ್ಕ

ಭಲೇ! ಈ ಸರ್ಗ ನನಗೆ ಹೊಳೆದೇ ಇರಲಿಲ್ಲ. ಆದರೆ ದಿಕ್ಕು ಬೇರೆ ಆಗಿರುವುದು ನೋಡಿ. ನಿಮ್ಮಲ್ಲಿ ಮಳೆಗಾಳಿ ಪಶ್ಚಿಮದಿಂದ, ಹಾಗಾಗಿ ಪಶ್ಚಿಮ ಎತ್ತರ ಇರಬೇಕು, ಈಶಾನ್ಯ ತಗ್ಗಿರಬೇಕು. ಉತ್ತರ ಚೀನಾದಲ್ಲಿ ಕೊರೆಯುವ ಗಾಳಿ ಬರುವುದು ಉತ್ತರದಿಂದ, ಚಳಿಗಾಲದಲ್ಲಿ. ಅಲ್ಲಿ ಬೆನ್ನು ಉತ್ತರಕ್ಕೆ, ಮುಖ ದಕ್ಷಿಣಕ್ಕೆ. ಶಾನ್‌ಶಿಯ ಹಳದಿ ಮಣ್ಣಿನ ದಿಬ್ಬಗಳಲ್ಲಿ ಕೊರೆದ ಗುಹೆಮನೆಗಳಿವೆ, ಜನ ಇವತ್ತಿಗೂ ವಾಸ ಮಾಡುತ್ತಾರೆ. ಆದಷ್ಟೂ ಬಾಗಿಲು ದಕ್ಷಿಣಕ್ಕೇ. ಚಳಿಗಾಲದ ಕೆಳಗಿನ ಸೂರ್ಯ ಒಳಗಿನವರೆಗೆ ಬರಲಿ ಅಂತ. ಅಲ್ಲಿಂದ ಸೂತ್ರ ಎತ್ತಿ ತಂದು ಬೆಂಗಳೂರಿನ ಮನೆಗೆ ಅಂಟಿಸುವವರನ್ನು ಕಂಡರೆ ನನಗೆ ಕೋಪ ಬರುತ್ತೆ.

ಗಾರೆ ಗಣಪ

ಈಗ ನನ್ನ ಭಾಷೆಯಲ್ಲಿ ಮಾತಾಡ್ತಿದ್ದೀರಿ ಮೇಡಂ. ಗಾಳಿ, ಬಿಸಿಲು, ನೀರಿನ ಇಳಿಜಾರು. ಇಷ್ಟೇ ಆಗಿದ್ದರೆ ನನ್ನ ತಕರಾರಿಲ್ಲ.

ಒಂದು ಪ್ರಶ್ನೆ. ಗುಹೆಯ ಬೆನ್ನು ಯಾವ ಕಡೆ? ಅದು ಗೊತ್ತಿಲ್ಲದೆ ಬೆನ್ನಿಗೆ ಬೆಟ್ಟ ಅಂತ ಹೇಳೋದು ಹೇಗೆ?

ಕಪಿಚೇಷ್ಟೆ

ಬಾಗಿಲ ದಿಕ್ಕು ಬರೆದಿಲ್ಲ. ಆದರೆ ಕಷ್ಟ ಯಾವ ಕಡೆಯಿಂದ ಬಂತು ಅನ್ನೋದು ಬರೆದಿದೆ. ವುಕೊಂಗ್ ಅಮರತ್ವ ಹುಡುಕಿಕೊಂಡು ಮನೆ ಬಿಟ್ಟು ಹೋದಾಗ ಒಬ್ಬ ರಾಕ್ಷಸ ಬಂದು ಗುಹೆಯ ಸಾಮಾನು ಹೊತ್ತುಕೊಂಡು ಹೋಗುತ್ತಾನೆ, ಮೂವತ್ತು ಐವತ್ತು ಮರಿಗಳನ್ನೂ ಸೇರಿಸಿ. ಅವನೆಲ್ಲಿರೋದು ಅಂದರೆ ಕೋತಿಗಳು ನೇರ ಉತ್ತರಕ್ಕೆ ಅನ್ನುತ್ತವೆ. ಅವನ ಬೆಟ್ಟದ ಹೆಸರು ಕಾನ್-ಯುವಾನ್. ಕಾನ್ ಅಂದರೆ ಎಂಟು ತ್ರಿರೇಖೆಗಳಲ್ಲಿ ನೀರಿನದ್ದು, ಉತ್ತರದ್ದು.

ಮನೆಯ ನಾಲ್ಕು ಕಡೆಗೆ ಒಂದೊಂದು ಕಾವಲು ಪ್ರಾಣಿ ಅನ್ನೋ ಲೆಕ್ಕದಲ್ಲಿ ಉತ್ತರ ಕಪ್ಪು ಆಮೆಯ ಜಾಗ, ಅಂದರೆ ಬೆನ್ನು. ಗುಹೆ ದಕ್ಷಿಣಕ್ಕೆ ಮುಖ ಮಾಡಿದ್ದರೆ ಕಳ್ಳ ಬಂದದ್ದು ಹಿತ್ತಲಿನಿಂದ. ಆಮೆ ಗಟ್ಟಿ ಇರಲಿಲ್ಲ.

ಪಂಚಾಂಗ ಪ್ರಿಯ

ಪೂರ್ವಕ್ಕೆ ಮುಖ ಮಾಡಿದ್ದರೆ? ನೀರು ಪೂರ್ವ ಸಮುದ್ರಕ್ಕೆ ಹೋಗುತ್ತೆ ಅಂತ ನೀವೇ ಹೇಳಿದ್ದೀರಿ. ಆಗ ಉತ್ತರ ಎಡಗೈ ಆಗುತ್ತೆ, ಹಸಿರು ಡ್ರ್ಯಾಗನ್ ಕಡೆ. ಎಡ ಬಲ ಲೆಕ್ಕ ಹಾಕೋದು ಮನೆಯೊಳಗೆ ಕೂತು ಹೊರಗೆ ನೋಡುತ್ತಾ, ಸರಿ ತಾನೇ? ಡ್ರ್ಯಾಗನ್ ಕಡೆ ದುರ್ಬಲ ಆದರೆ ಮನೆಯ ಗಂಡಸಿಗೆ ಮನೆಯಲ್ಲಿ ನೆಲೆ ಇಲ್ಲ ಅಂತ ಹೇಳುತ್ತಾರೆ. ಅವನು ಮನೆಯಲ್ಲಿ ನೆಟ್ಟಗೆ ನಿಂತದ್ದೇ ಇಲ್ಲ. ನನಗೆ ಪೂರ್ವವೇ ಹೆಚ್ಚು ಕೂಡುತ್ತೆ.

ಹಾಂಗ್‌ಕಾಂಗ್ ಅಕ್ಕ

ಒಳ್ಳೇ ಪಾಯಿಂಟ್. ನಾನು ಪೂರ್ವದ ಪಕ್ಷ. ಸಮುದ್ರದ ನಡುವಿನ ಬೆಟ್ಟ ಆದ್ದರಿಂದ ಎಲ್ಲ ಕಡೆಗೂ ನೀರೇ. ಆದರೆ ಸೇತುವೆ ಕೆಳಗಿನ ದಾರಿ ಒಂದೇ.

ಜಿಯಾಂಗ್‌ಸು ಪ್ರಾಂತ್ಯದ ಲಿಯಾನ್‌ಯುನ್‌ಗಾಂಗ್‌ನಲ್ಲಿ ನಿಜವಾದ ಹೂಹಣ್ಣಿನ ಬೆಟ್ಟವೊಂದಿದೆ. ಎತ್ತರದ ಶಿಖರ 624 ಮೀಟರ್, ಆ ಪ್ರಾಂತ್ಯಕ್ಕೇ ಎತ್ತರದ್ದು. ಅಲ್ಲೂ ನೀರಪರದೆ ಗುಹೆ ಅಂತ ಒಂದಿದೆ. ಈಗ ದಡಕ್ಕೆ ಸೇರಿಕೊಂಡಿರುವ ಆ ಬೆಟ್ಟಸಾಲು ಕಾದಂಬರಿ ಬಂದ ಕಾಲದಲ್ಲಿ ದ್ವೀಪವೇ ಆಗಿತ್ತು. ಕಾದಂಬರಿ ಬರೆದವರು ಅಂತ ಹೇಳುವ ವು ಚೆಂಗ್‌ಎನ್ ಊರು ಹುವಾಯ್‌ಆನ್, ಅದೇ ಪ್ರಾಂತ್ಯ. ಪ್ರವಾಸೋದ್ಯಮದವರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಟಿಕೆಟ್ ಕೊಟ್ಟು ಒಳಗೆ ಹೋಗಬೇಕು, ಕೋತಿಗಳು ಕೈಯಲ್ಲಿರುವುದನ್ನು ಕಿತ್ತುಕೊಳ್ಳುತ್ತವೆ.

ಮಾಲ್ಯವಂತ

ಅಂಜನಾದ್ರಿಯಲ್ಲೂ ಅದೇ ಕಥೆ ಅಕ್ಕಾ. 575 ಮೆಟ್ಟಿಲು ಹತ್ತುವಷ್ಟರಲ್ಲಿ ಬಾಳೆಹಣ್ಣು ಹೋಗಿರುತ್ತೆ.

ನಿದ್ದೆಗೆಟ್ಟವಳು

ತಡವಾಗಿ ಬರುತ್ತಿದ್ದೇನೆ. ಎಲ್ಲರೂ ಜಾಗ ನೋಡಿದಿರಿ, ಯಜಮಾನನನ್ನು ನೋಡಲಿಲ್ಲ. ಈ ಮನೆ ಅವನಿಗೆ ಹೊಂದುತ್ತಾ?

ಕಾದಂಬರಿಯ ಅಧ್ಯಾಯಗಳ ತಲೆಬರಹದಲ್ಲೇ ಪಾತ್ರಗಳಿಗೆ ಚೀನೀಯರ ಐದು ಧಾತುಗಳ (ಮರ, ಬೆಂಕಿ, ಮಣ್ಣು, ಲೋಹ, ನೀರು) ಹೆಸರುಗಳಿವೆ. ಯಾತ್ರೆಯ ಜೊತೆಗಾರ, ಹಂದಿಮುಖದ ಝು ಬಾಜಿಯೆ 'ಮರದ ತಾಯಿ'. ವುಕೊಂಗ್ 'ಲೋಹದ ಯಜಮಾನ'. ಅದೇ ತಲೆಬರಹಗಳಲ್ಲಿ ಅವನನ್ನು 'ಮನಸ್ಸೆಂಬ ಕೋತಿ' ಅಂತಲೂ ಕರೆಯುತ್ತಾರೆ. ಚೀನೀ ಲೆಕ್ಕದಲ್ಲಿ ಹೃದಯ, ಮನಸ್ಸು ಅಂದರೆ ಬೆಂಕಿ.

ಈಗ ಮನೆ ಯಾವುದು? ಹೆಸರಲ್ಲಿ ನೀರು, ಬಾಗಿಲಲ್ಲಿ ನೀರು, ನೆಲದಡಿ ನೀರು. ಐದು ಧಾತುಗಳ ಚಕ್ರದಲ್ಲಿ ಲೋಹ ನೀರನ್ನು ಹುಟ್ಟಿಸುತ್ತೆ. ಹುಟ್ಟಿಸಿದ್ದು ಸೋರಿಹೋಗುತ್ತೆ. ಲೋಹದವನು ನೀರಿನ ಮನೆಯಲ್ಲಿ ಕೂತರೆ ಅವನ ಶಕ್ತಿ ಮನೆಗೆ ಸೇರುತ್ತೆ, ಮನೆ ಬೆಳೆಯುತ್ತೆ, ಅವನು ಖಾಲಿಯಾಗುತ್ತಾನೆ. ಬೆಂಕಿಯವನು ಅಂತ ಹಿಡಿದರೆ ಇನ್ನೂ ಕಷ್ಟ. ನೀರು ಬೆಂಕಿಯನ್ನು ಆರಿಸುತ್ತೆ. ಯಾವ ಲೆಕ್ಕದಲ್ಲೂ ಅವನಿಗೆ ಆ ಮನೆ ಒಗ್ಗೋದಿಲ್ಲ.

ಕಥೆಯೂ ಹಾಗೇ ನಡೆಯುತ್ತೆ. ಪರಿವಾರ 47,000ಕ್ಕೆ ಬೆಳೆಯಿತು. ಸುತ್ತಮುತ್ತಲ 72 ಗುಹೆಗಳ ರಾಕ್ಷಸರು ಬಂದು ಕೈಮುಗಿದರು. ಯಜಮಾನ ಮಾತ್ರ ಮನೆಯಲ್ಲಿಲ್ಲ. ಮೊದಲು ಅಮರತ್ವ ಕಲಿಸುವ ಗುರುವನ್ನು ಹುಡುಕಿಕೊಂಡು ಹೋದ. ಆಮೇಲೆ ಸ್ವರ್ಗದಲ್ಲಿ ನೌಕರಿ. ಆಮೇಲೆ ಐನೂರು ವರ್ಷ ಬೆಟ್ಟದಡಿ. ಆಮೇಲೆ ಯಾತ್ರೆ. ಗುಹೆಯನ್ನು ಎರಡು ಸಲ ಬೇರೆಯವರು ಆಕ್ರಮಿಸಿದರು. ಒಂದು ಸಲ ಆ ಉತ್ತರದ ರಾಕ್ಷಸ, ಇನ್ನೊಂದು ಸಲ ಅವನದ್ದೇ ವೇಷ ಹಾಕಿಕೊಂಡ ಆರು ಕಿವಿಯ ಕೋತಿ.

ಇನ್ನೂ ಒಂದು. ಜಲಪಾತದ ಮನೆಯವನಿಗೆ ನೀರೊಳಗೆ ಹೊಡೆದಾಡೋದು ಸರಿಯಾಗಿ ಬರಲ್ಲ! ಹರಿಮರಳಿನ ನದಿಯಲ್ಲಿ ಅವನೇ ಬಾಯ್ಬಿಟ್ಟು ಹೇಳುತ್ತಾನೆ, ನೀರೊಳಗಿನ ಕೆಲಸ ನನಗೆ ಅಷ್ಟಾಗಿ ಬರಲ್ಲ ಅಂತ. ಬಾಜಿಯೆಯನ್ನು ಇಳಿಸುತ್ತಾನೆ.

ಕಪಿಚೇಷ್ಟೆ

ಇದು ಚೆನ್ನಾಗಿದೆ. ಮನೆ ಪರಿವಾರಕ್ಕೆ ಒಳ್ಳೆಯದು, ಯಜಮಾನನಿಗಲ್ಲ. ಆದರೂ ಮನೆಯನ್ನು ಫೇಲ್ ಮಾಡಲು ನನಗೆ ಮನಸ್ಸಿಲ್ಲ. ಇವನನ್ನು ಹಿಡಿಯಲು ಸ್ವರ್ಗದ ಕಡೆಯಿಂದ ಬಂದ ಎರ್ಲಾಂಗ್ ದೇವರು ಬೆಟ್ಟಕ್ಕೆ ಬೆಂಕಿ ಇಟ್ಟಾಗ ಬದುಕಿದ ಕೋತಿಗಳು ಎಲ್ಲಿ ಅಡಗಿದ್ದವು? ಬಾವಿಯಲ್ಲಿ, ತೊರೆಯಲ್ಲಿ, ಕಬ್ಬಿಣದ ಸೇತುವೆಯ ಕೆಳಗೆ. ನೀರಿದ್ದ ಕಡೆಯೇ ಜೀವ ಉಳೀತು.

ಹಾಂಗ್‌ಕಾಂಗ್ ಅಕ್ಕ

28ನೇ ಅಧ್ಯಾಯ ಎತ್ತಿದ್ದಕ್ಕೆ ಥ್ಯಾಂಕ್ಸ್. ನನಗೆ ಇಡೀ ಕಾದಂಬರಿಯಲ್ಲಿ ಇಷ್ಟವಾದ ಫೆಂಗ್‌ಶುಯಿ ಅಲ್ಲೇ ಇದೆ.

ಗುರು ಓಡಿಸಿದ್ದಾರೆ. ಮನೆಗೆ ಬಂದರೆ ಬೆಟ್ಟ ಬೋಳು. ಹುಲ್ಲಿಲ್ಲ, ಮರ ಇಲ್ಲ. 47,000 ಇದ್ದ ಕೋತಿಗಳಲ್ಲಿ ಉಳಿದದ್ದು ಸಾವಿರದ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಬೆಂಕಿಗೆ ಸತ್ತವು, ಉಳಿದದ್ದರಲ್ಲಿ ಅರ್ಧ ಹಸಿವಿಗೆ ಊರು ಬಿಟ್ಟವು, ಆಮೇಲೆ ಬೇಟೆಗಾರರು ಹಿಡಿದುಕೊಂಡು ಹೋದರು. ಮೊದಲು ಬೇಟೆಗಾರರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಆಮೇಲೆ ನಾಲ್ಕು ಸಮುದ್ರದ ನಾಗರಾಜರ ಹತ್ತಿರ ನೀರು ಕಡ ತಂದು ಬೆಟ್ಟ ತೊಳೆಯುತ್ತಾನೆ. ಮುಂದೆ ಎಲ್ಮ್ ಮತ್ತು ವಿಲೋ ನೆಡುತ್ತಾನೆ, ಹಿಂದೆ ಪೈನ್ ಮತ್ತು ನಾನ್‌ಮು. ಪೀಚ್, ಪ್ಲಮ್, ಬೋರೆ ಏನೂ ಬಿಡುವುದಿಲ್ಲ. ಬೆಟ್ಟ ಮತ್ತೆ ಕಟ್ಟಿದ್ದೇನೆ, ಗುಹೆ ಸರಿಮಾಡಿದ್ದೇನೆ ಅಂತ ಬಾವುಟ ಬರೆದು ಹಾರಿಸುತ್ತಾನೆ.

ಯಾವ ಮರ ಎಲ್ಲಿ ಅಂತ ನೋಡಿ. ಹಿಂದೆ ನೆಟ್ಟ ಪೈನ್, ನಾನ್‌ಮು ಎರಡೂ ವರ್ಷಪೂರ್ತಿ ಎಲೆ ಉಳಿಸಿಕೊಳ್ಳುವ ಜಾತಿ. ಚಳಿಗಾಲದ ಗಾಳಿಗೆ ಗೋಡೆ. ಮುಂದೆ ನೆಟ್ಟ ಎಲ್ಮ್, ವಿಲೋ ಚಳಿಗಾಲದಲ್ಲಿ ಎಲೆ ಉದುರಿಸುತ್ತವೆ, ಬಿಸಿಲು ಒಳಗೆ ಬರುತ್ತೆ. ಬೇಸಿಗೆಯಲ್ಲಿ ನೆರಳು. ಕಪಿಚೇಷ್ಟೆ ಹೇಳಿದ ಆ ಗಟ್ಟಿಯಿಲ್ಲದ ಆಮೆಗೆ ಇವನು ಮರದಿಂದ ಚಿಪ್ಪು ಕಟ್ಟಿದ.

ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಕಡೆ ಇದನ್ನು ಇವತ್ತಿಗೂ ನೋಡಬಹುದು. ಹಳೇ ಹಳ್ಳಿಗಳ ಹಿಂದೆ ಅರ್ಧಚಂದ್ರದಂತೆ ಕಾಡು ಬಿಟ್ಟಿರುತ್ತಾರೆ. ಫೆಂಗ್‌ಶುಯಿ ಕಾಡು ಅಂತಲೇ ಹೆಸರು. ಒಳಗೆ ಹೊಕ್ಕರೆ ಹೊರಗಿನ ಸೆಕೆ ಅಲ್ಲಿಗೇ ನಿಲ್ಲುತ್ತೆ. ಬೇರಿನ ಬುಡದಲ್ಲಿ ಊರುದೇವರ ಪುಟ್ಟ ಗೂಡು, ಉರಿದು ಮುಗಿದ ಊದುಬತ್ತಿಯ ಕೆಂಪು ಕಡ್ಡಿಗಳು. ಆ ಮರ ಕಡಿಯೋಕೆ ಹಳ್ಳಿಯವರು ಬಿಡೋದಿಲ್ಲ. ಮಣ್ಣು ಕುಸಿಯೋದನ್ನೂ ಆ ಬೇರು ತಡೆಯುತ್ತೆ.

ಮಾಲ್ಯವಂತ

ನಮ್ಮ ಕೊಡಗಿನ ದೇವರಕಾಡಿನ ಹಾಗೆಯೇ ಇದೆಯಲ್ಲ.

ಹಾಂಗ್‌ಕಾಂಗ್ ಅಕ್ಕ

ಮರ ಕಡಿಯಬಾರದು ಅನ್ನೋದು ಒಂದೇ. ಆದರೆ ದೇವರಕಾಡು ದೇವರಿಗೆ ಬಿಟ್ಟಿದ್ದು. ಇದು ಹಳ್ಳಿಯ ಬೆನ್ನಿಗೆ ಅಂತ ಬಿಟ್ಟಿದ್ದು, ಜಾಗವೇ ಮುಖ್ಯ.

ಗಾರೆ ಗಣಪ

ಸರಿ ಮೇಡಂ. ಮರದ ವಿಷಯಕ್ಕೆ ನನ್ನ ಪೂರ್ತಿ ವೋಟು. ಗುಹೆಗೆ ನನ್ನ ಮಾರ್ಕು: ಜಾಗ ಫಸ್ಟ್ ಕ್ಲಾಸ್, ಡ್ರೈನೇಜ್ ಜಸ್ಟ್ ಪಾಸ್, ಲ್ಯಾಂಡ್‌ಸ್ಕೇಪಿಂಗ್ ನೂರಕ್ಕೆ ನೂರು. ಕಬ್ಬಿಣದ ಸೇತುವೆಗೆ ಎರಡು ಕೋಟ್ ರೆಡ್ ಆಕ್ಸೈಡ್ ಹೊಡೆಸಲಿ.

ಸುಮ್ನೆ ಬಂದೆ

ಎಲ್ಲ ಓದಿದೆ. ನಮ್ಮದು ತರ್ಟಿ ಫಾರ್ಟಿ ಸೈಟು, ಉತ್ತರಕ್ಕೆ ಬಾಗಿಲು, ಹಿಂದಿನ ಮನೆ ನಾಲ್ಕು ಮಹಡಿ. ಹಿಂದೆ ಪೈನ್ ನೆಡಲಾ ಅಕ್ಕಾ?

ಹಾಂಗ್‌ಕಾಂಗ್ ಅಕ್ಕ

ಬೆನ್ನಿಗೆ ನಾಲ್ಕು ಮಹಡಿ ಬೆಟ್ಟ ಆಗಲೇ ಇದೆ, ಖರ್ಚಿಲ್ಲದೆ. ಪೈನ್ ಬೇಡ. ಒಂದು ಕರಿಬೇವು ಹಾಕಿ, ಒಂದು ನುಗ್ಗೆ ಹಾಕಿ.

ಗಾರೆ ಗಣಪ

ನುಗ್ಗೆ ಕಾಂಪೌಂಡ್‌ಗೆ ಒತ್ತಿ ನೆಡಬೇಡಿ. ಕೊಂಬೆ ಪೊಳ್ಳು, ಮಳೆಗಾಳಿಗೆ ಪಕ್ಕದ ಮನೆಯವರ ಕಾರಿನ ಮೇಲೇ ಬೀಳೋದು. ಹಿತ್ತಲ ನೀರು ಎಲ್ಲಿಗೆ ಹೋಗುತ್ತೆ ಅಂತ ಮೊದಲು ನೋಡಿ ಒಂದು ಫೋಟೋ ಹಾಕಿ. ಆಮೇಲೆ ಮಾತಾಡೋಣ.